ಎರಡೇ ಮಳೆಗಾಲಕ್ಕೆ ಎದ್ದುಬಂದ ಪಾಲಿಶ್: ಜಗಲಿಯ ಮರಕ್ಕೆ ಈಗ ಏನು ಹಚ್ಚಬೇಕು?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಸಮೀಪದ ಹಳೆಯ ಐನ್‌ಮನೆ, ಅಂದರೆ ನಮ್ಮ ಒಕ್ಕದ (ಕುಲದ) ಮೂಲಮನೆ. ಒಕ್ಕದವರೆಲ್ಲ ಸೇರಿ ಎರಡು ವರ್ಷಗಳ ಹಿಂದೆ ದುರಸ್ತಿ ಮಾಡಿಸಿದೆವು. ಜಗಲಿಯಲ್ಲಿ ತೇಗದ ಕೆತ್ತನೆ ಕಂಬಗಳು, ಅವುಗಳ ನಡುವೆ ಕೂರಲು ಹಲಸಿನ ಐಮರದ ಹಲಗೆಗಳು, ಒಳಗೆ ಬೀಟೆಯ ಬಾಗಿಲು ಇವೆ. ನವೆಂಬರಿನಲ್ಲಿ ಮದುವೆ ಇದ್ದುದರಿಂದ ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬ ಮುಗಿದ ವಾರವೇ ಕೆಲಸ ಆರಂಭಿಸಿ, ಜಗಲಿಗೆ ಟೈಲ್ಸ್ ಹಾಕಿಸಿ, ಕಂಬಗಳ ಬುಡಕ್ಕೆ ಸಿಮೆಂಟ್ ಕಟ್ಟಿಸಿ, ಒಳಗೂ ಹೊರಗೂ ಒಂದೇ ಬಗೆಯ ಹೊಳಪಿನ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿದೆವು. ಈಗ ಕಂಬಗಳ ಬುಡ ಕಪ್ಪಾಗಿ ಪಾಲಿಶ್ ಪೊರೆಪೊರೆಯಾಗಿ ಏಳುತ್ತಿದೆ, ಐಮರದ ಮೇಲೆ ಬಿಳಿ ಮಚ್ಚೆಗಳಾಗಿವೆ. ಒಳಗಿನ ಬಾಗಿಲು ಚೆನ್ನಾಗಿದೆ, ಆದರೆ ಬೀರುವಿನ ಹಿಂಬದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಆಚಾರಿ ಎಲ್ಲವನ್ನೂ ಸುಟ್ಟು ತೆಗೆದು ಎಣ್ಣೆಬಣ್ಣ ಬಳಿಯೋಣ ಎನ್ನುತ್ತಾರೆ. ದೊಡ್ಡಪ್ಪ ಹಳೆಯ ಇಂಜಿನ್ ಆಯಿಲ್ ಸಾಕೆನ್ನುತ್ತಾರೆ, ನೆರೆಯವರು ಗೇರೆಣ್ಣೆ ಎನ್ನುತ್ತಾರೆ, ಅಂಗಡಿಯವರು 10 ವರ್ಷ ಗ್ಯಾರಂಟಿಯ ಹೊಸ ಪಾಲಿಶ್ ತೋರಿಸುತ್ತಾರೆ. ಪಾಲಿಶ್ ಮಾಡಿದ ಗುತ್ತಿಗೆದಾರರು ಉಚಿತವಾಗಿ ಇನ್ನೊಂದು ಕೋಟ್ ಹೊಡೆದುಕೊಡುತ್ತೇವೆಂದಿದ್ದಾರೆ. ಅಡುಗೆಮನೆಯ ಹಳೆಯ ಹಸಿರು ಬಣ್ಣದ ಕಿಟಕಿಗಳನ್ನೂ ಉಜ್ಜಿಸಿ ಮರದ ಬಣ್ಣಕ್ಕೆ ತರಬೇಕೆಂದಿದ್ದೇವೆ. ತೋಟದ ಸಿಲ್ವರ್ ಓಕ್‌ನಿಂದ ಮಾಡಿಸಿದ ಎರಡು ಬೆಂಚುಗಳನ್ನು ಅಂಗಳದಲ್ಲಿ ಇಡಬೇಕು. ಯಾರ ಮಾತು ಕೇಳಬೇಕು?

ಉತ್ತರ: ಪಾಲಿಶ್ ಹಾಳಾದುದಕ್ಕಿಂತ ಅದರ ಕೆಳಗಿನ ಮರವೂ ಕೊಳೆಯುತ್ತಿದೆಯೇ ಎಂಬುದು ನಿಮ್ಮ ನಿಜವಾದ ಆತಂಕವೆಂದು ತಿಳಿದು ಉತ್ತರಿಸುತ್ತಿದ್ದೇನೆ. ನೀವು ವಿವರಿಸಿದ ಲಕ್ಷಣಗಳಲ್ಲಿ ಐಮರದ ಬಿಳಿ ಮಚ್ಚೆಗಳೂ ಕಂಬದ ಮೇಲ್ಭಾಗದ ಪೊರೆಗಳೂ ಲೇಪಕ್ಕೆ ಸಂಬಂಧಿಸಿದವು. ಅವುಗಳಿಂದ ಮರಕ್ಕೆ ಸದ್ಯಕ್ಕೆ ಅಪಾಯವಿಲ್ಲ. ಕಂಬಗಳ ಬುಡದ ವಿಷಯ ಹಾಗಲ್ಲ, ಅಲ್ಲಿ ಏನನ್ನಾದರೂ ಹಚ್ಚುವ ಮೊದಲು ಪರೀಕ್ಷೆ ಆಗಲೇಬೇಕು. ಕೊಡಗಿನಲ್ಲಿ ಮಳೆಗೆ ಮೈಯೊಡ್ಡಿದ ಮರಕ್ಕೆ ಅತಿ ಹೆಚ್ಚು ಕಾಲ ಬಾಳುವ ಲೇಪವನ್ನು ಹುಡುಕುವುದಕ್ಕಿಂತ, ಸವೆದಾಗ ಕೆರೆಯದೆ ತೊಳೆದು ಮತ್ತೆ ಹಚ್ಚಬಹುದಾದ ಲೇಪವನ್ನು ಆರಿಸುವುದು ಜಾಣತನವೆಂಬುದು ಈ ಕೆಲಸದಲ್ಲಿ ನಾನು ಕಂಡುಕೊಂಡಿರುವ ವಿಚಾರ, ಮುಂದೆ ಹೇಳುವ ಬಹುತೇಕ ಸಲಹೆಗಳು ಅದನ್ನೇ ಆಧರಿಸಿವೆ.

ಪಾಲಿಶ್ ಏಕೆ ಎದ್ದಿತೆಂಬುದನ್ನು ಮೊದಲು ನೋಡೋಣ, ಏಕೆಂದರೆ ಕಾರಣ ತಿಳಿಯದೆ ಡಬ್ಬಿ ಬದಲಿಸಿದರೆ ಇನ್ನೆರಡು ವರ್ಷಕ್ಕೆ ಇದೇ ಪತ್ರವನ್ನು ಮತ್ತೆ ಬರೆಯಬೇಕಾಗುತ್ತದೆ. ಕಡಿದು ನೂರು ವರ್ಷವಾದ ಮರವೂ ಗಾಳಿಯಲ್ಲಿನ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಸುತ್ತಲಿನ ಗಾಳಿಯ ಆರ್ದ್ರತೆ ವಾರಗಟ್ಟಲೆ ಶೇ. 90ರ ಆಸುಪಾಸಿನಲ್ಲಿದ್ದರೆ ಮರದ ತೇವಾಂಶ ಶೇ. 20ರ ಹತ್ತಿರಕ್ಕೆ ಏರುತ್ತದೆ. ಮಾಘದ ಬಿಸಿಲಿಗೆ ಆರ್ದ್ರತೆ ಶೇ. 50ಕ್ಕೆ ಇಳಿದಾಗ ಅದು ಶೇ. 9 ಅಥವಾ 10ಕ್ಕೆ ಬರುತ್ತದೆ. ಈ ಏರಿಳಿತದಲ್ಲಿ ಮರ ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದರೂ ಅಡ್ಡಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ, ಒಂದೂವರೆ ಅಡಿ ಅಗಲದ ಐಮರದ ಹಲಗೆಯಲ್ಲಿ ಆ ವ್ಯತ್ಯಾಸ ನಾಲ್ಕೈದು ಮಿಲಿಮೀಟರ್ ಇರಬಹುದು. ಒಳಾಂಗಣಕ್ಕೆಂದು ತಯಾರಾದ ಗಟ್ಟಿ ಪಿಯು ಪದರಕ್ಕೆ ಅಷ್ಟು ಎಳೆದಾಡುವ ಶಕ್ತಿ ಇರುವುದಿಲ್ಲ. ಅದು ಕೀಲುಗಳ ಬಳಿ, ಕೆತ್ತನೆಯ ಅಂಚುಗಳಲ್ಲಿ, ಮೊಳೆಯ ತಲೆಗಳ ಸುತ್ತ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಹೊರಬರಲು ದಾರಿ ಇರುವುದಿಲ್ಲ, ಪದರದ ಕೆಳಗೇ ಹರಡುತ್ತದೆ. ಹೀಗೆ ನೀರನ್ನು ತಡೆಯಲೆಂದು ಬಳಿದ ಪದರವೇ ನೀರನ್ನು ಹಿಡಿದಿಡುವ ಹೊದಿಕೆಯಾಗುತ್ತದೆ.

ಎರಡನೆಯ ಕಾರಣ ಬಿಸಿಲು. ಮಳೆಯನ್ನೇ ದೂರುವ ನಮ್ಮಲ್ಲಿ ಇದು ಬೇಗ ಹೊಳೆಯುವುದಿಲ್ಲ. ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಟು ಸೂರ್ಯನ ನೇರಳಾತೀತ ಕಿರಣಗಳಿಗೆ ಒಡೆಯುತ್ತದೆ, ಬೇಲಿಯ ಗೂಟಗಳು ಬೂದಿ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಬಣ್ಣವಿಲ್ಲದ ಪಾರದರ್ಶಕ ಪಾಲಿಶ್ ಈ ಕಿರಣಗಳನ್ನು ಬಹಳಷ್ಟು ಒಳಗೆ ಬಿಡುತ್ತದೆ. ಪದರ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇದ್ದರೂ ಅದು ಹಿಡಿದುಕೊಂಡಿದ್ದ ಮರದ ಮೇಲ್ಮೈ ಸಡಿಲವಾಗಿ, ಹಾಳೆಯಾಗಿ ಕಳಚಿಕೊಳ್ಳುತ್ತದೆ. ಎದ್ದ ಪೊರೆಯ ಹಿಂಬದಿಯನ್ನು ನೋಡಿ. ಅದಕ್ಕೆ ನವಿರಾದ ಮರದ ನಾರು ಅಂಟಿಕೊಂಡಿದ್ದರೆ ಬಿಸಿಲಿನ ಕೆಲಸ ಬಹುಮಟ್ಟಿಗೆ ಖಚಿತ. ಹಿಂಬದಿ ನುಣುಪಾಗಿ, ಸ್ವಚ್ಛವಾಗಿದ್ದರೆ ಪಾಲಿಶ್ ಮೊದಲಿನಿಂದಲೂ ಸರಿಯಾಗಿ ಅಂಟಿರಲಿಲ್ಲವೆಂದು ಅರ್ಥ. ತೇಗದಲ್ಲಿ ಇದು ಸಾಮಾನ್ಯ, ಏಕೆಂದರೆ ಆ ಮರದಲ್ಲಿ ಸಹಜವಾಗಿರುವ ಎಣ್ಣೆಯಂಶವನ್ನು ತಿನ್ನರ್ ಬಟ್ಟೆಯಿಂದ ಒರೆಸಿ, ಅದೇ ದಿನ ಮೊದಲ ಕೋಟ್ ಕೊಡದಿದ್ದರೆ ಹಿಡಿತ ಸಿಗುವುದಿಲ್ಲ.

ಮೂರನೆಯದು ಕಾಲ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ನಾಪೋಕ್ಲು ಕಡೆಯ ಮರ ಮಳೆಗಾಲದ ತೇವವನ್ನು ತುಂಬಿಕೊಂಡೇ ಇರುತ್ತದೆ. ಎರಡು ಡಬ್ಬಿಗಳ ಪಿಯುವಿನಲ್ಲಿ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದು ರಾಳದೊಂದಿಗೆ ಮಾತ್ರವಲ್ಲದೆ ನೀರಿನೊಂದಿಗೂ ವರ್ತಿಸಿ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಪದರದಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳಿದ್ದರೆ ಕಾರಣ ಇದೇ. ಸ್ಪಿರಿಟ್ ಪಾಲಿಶ್ ಮತ್ತು ಲ್ಯಾಕರ್‌ಗಳಲ್ಲಿ ಇನ್ನೊಂದು ತೊಡಕಿದೆ: ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿಯೇ ಸಾಂದ್ರಗೊಂಡು ಪದರ ಹಾಲುಬಿಳುಪಿಗೆ ತಿರುಗುತ್ತದೆ. ನಿಮ್ಮ ಐಮರದ ಮಚ್ಚೆಗಳು ಪಾಲಿಶ್ ಆದ ದಿನಗಳಲ್ಲೇ ಕಾಣಿಸಿದ್ದರೆ ಹಚ್ಚುವಾಗಿನ ತೇವ ಕಾರಣ. ಮಳೆಗಾಲದಲ್ಲಿ ಮೂಡಿ ಬೇಸಗೆಯಲ್ಲಿ ಮಸುಕಾಗುತ್ತಿದ್ದರೆ ಪದರದ ಕೆಳಗೆ ಸೇರಿಕೊಂಡ ನೀರು ಕಾರಣ. ಒದ್ದೆ ಕೊಡೆ, ರೇನ್‌ಕೋಟುಗಳನ್ನು ನಾವೆಲ್ಲ ಐಮರದ ಮೇಲೆಯೇ ಎಸೆಯುವುದರಿಂದ ಎರಡನೆಯದು ಹೆಚ್ಚು ಸಂಭವನೀಯ.

ಇನ್ನು ಕಂಬಗಳ ಬುಡ. ನಿಮ್ಮ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಚಿಂತೆಗೀಡುಮಾಡಿದ್ದು ಪಾಲಿಶ್ ಅಲ್ಲ, ಬುಡಕ್ಕೆ ಕಟ್ಟಿಸಿದ ಸಿಮೆಂಟ್. ಹಳೆಯ ಕಟ್ಟಡಗಾರರು ಕಂಬವನ್ನು ನೆಲಕ್ಕಿಂತ ಎತ್ತರದ ಕಲ್ಲಿನ ಮೇಲೆ ನಿಲ್ಲಿಸಿ ಬಿಟ್ಟಿರುತ್ತಿದ್ದರು, ಮೇಲಿನಿಂದ ಇಳಿದ ನೀರು ಕಲ್ಲಿನ ಮೇಲೆ ಹರಿದು ಹೋಗುತ್ತಿತ್ತು, ಮರದ ಕಾಲು ಗಾಳಿಗೆ ಒಣಗುತ್ತಿತ್ತು. ಟೈಲ್ಸ್ ಹಾಕಿ ನೆಲ ಎತ್ತರಿಸಿ, ಸಂದು ಕಾಣಬಾರದೆಂದು ಸುತ್ತಲೂ ಸಿಮೆಂಟ್ ಮೆತ್ತಿದಾಗ ಆ ಕಾಲು ಒಂದು ಬಟ್ಟಲಿನೊಳಗೆ ನಿಂತಂತಾಗುತ್ತದೆ. ಮರವು ನೀರನ್ನು ಹೀರುವುದು ಮುಖ್ಯವಾಗಿ ಕತ್ತರಿಸಿದ ತುದಿಯಿಂದ, ಪಕ್ಕದ ಮೈಯಿಂದ ಹೀರುವುದಕ್ಕಿಂತ ಅದು ಹಲವು ಪಟ್ಟು ಹೆಚ್ಚು. ಕೊಳೆಸುವ ಶಿಲೀಂಧ್ರಗಳು ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದಾಗ ಬೆಳೆಯಲಾರವು, ಅದಕ್ಕಿಂತ ಸಾಕಷ್ಟು ಮೇಲೇರಿ ಹಾಗೆಯೇ ಉಳಿದರೆ ತೇಗವನ್ನೂ ಕ್ರಮೇಣ ತಿನ್ನುತ್ತವೆ. ಆದುದರಿಂದ ಪಾಲಿಶ್ ಕೆಲಸಕ್ಕೆ ಮೊದಲು ಸಿಮೆಂಟನ್ನು ಒಡೆಸಿ, ಕಂಬದ ಸುತ್ತ ಬೆರಳು ಸಂದಿಯಷ್ಟು ಜಾಗ ಬಿಟ್ಟು, ಟೈಲ್ಸ್ ಅಂಗಳದ ಕಡೆಗೆ ಇಳಿಜಾರಾಗಿದೆಯೇ ನೋಡಿ. ಸೂರಿನ ನೀರು ಅಂಗಳದ ಕಲ್ಲಿನ ಮೇಲೆ ಬಿದ್ದು ಒಂದಡಿ ಎತ್ತರಕ್ಕೆ ಸಿಡಿಯುತ್ತಿದ್ದರೆ ದಂಬೆ (ಸೂರಿನ ನೀರು ಹರಿಸುವ ದೋಣಿ) ಕಟ್ಟಿಸುವುದು ಯಾವ ದುಬಾರಿ ಪಾಲಿಶ್‌ಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಬುಡದ ಕಪ್ಪು ಏನೆಂದು ಪರೀಕ್ಷಿಸಲು ಚೂಪಾದ ಸ್ಕ್ರೂಡ್ರೈವರನ್ನು ಅಲ್ಲಲ್ಲಿ ಒತ್ತಿ ನೋಡಿ. ಮೊನೆ ಗಟ್ಟಿಯಾಗಿ ತಡೆದರೆ ಕಪ್ಪು ಕೇವಲ ಮೇಲಿನದು. ಸುಲಭವಾಗಿ ಒಂದು ಸೆಂಟಿಮೀಟರ್ ಇಳಿದರೆ ಅಥವಾ ಎಬ್ಬಿದಾಗ ನಾರು ಸೀಳದೆ ತುಂಡುತುಂಡಾಗಿ ಮುರಿದರೆ ಕೊಳೆತಿದೆ ಎಂದರ್ಥ. ಆ ಭಾಗವನ್ನು ಕತ್ತರಿಸಿ ಅದೇ ಜಾತಿಯ ಮರವನ್ನು ಜೋಡಿಸುವುದು ಅಥವಾ ಕಲ್ಲನ್ನೇ ಎತ್ತರಿಸುವುದು ನುರಿತ ಆಚಾರಿಗೆ ಸಾಧ್ಯ, ಆದರೆ ಛಾವಣಿಯ ಭಾರಕ್ಕೆ ಆನಿಕೆ ಕೊಡದೆ ಯಾರೂ ಕಂಬಕ್ಕೆ ಕೈ ಹಾಕಬಾರದು. ಕಪ್ಪು ಮೇಲಿನದೇ ಆಗಿದ್ದರೆ ಪಾಲಿಶ್ ತೆಗೆದ ಬರಿಯ ಮರದ ಮೇಲೆ ಬಟ್ಟೆಗೆ ಹಾಕುವ ಬ್ಲೀಚಿನ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಅದು ಬೂಷ್ಟು. ಹಾಗೆಯೇ ಉಳಿದರೆ ಹೆಚ್ಚಾಗಿ ಮೊಳೆ, ಪಟ್ಟಿಗಳ ಕಬ್ಬಿಣವು ಮರದ ಒಗರಿನೊಂದಿಗೆ ಸೇರಿ ಆದ ಕಲೆ, ಅದನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಿಂದ ತೆಗೆಯಬಹುದು. ಆ ಆಮ್ಲ ವಿಷಕಾರಿ, ಕೈಗವಸು ಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಬ್ಲೀಚ್ ಮತ್ತು ಆಮ್ಲ ಒಂದೇ ದಿನ ಒಂದೇ ಜಾಗದಲ್ಲಿ ಸೇರದಂತೆ ಎಚ್ಚರ ವಹಿಸಿ, ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಈಗ ನಿಮಗೆ ಬಂದಿರುವ ಸಲಹೆಗಳ ವಿಚಾರ. ದೊಡ್ಡಪ್ಪನವರ ಇಂಜಿನ್ ಆಯಿಲ್ ಹಳೆಯ ರೂಢಿ ಹೌದು, ತೋಟದ ಗೇಟು, ಗೂಟಗಳಿಗೆ ಅದನ್ನು ಬಳಿದವರು ಬಹಳ. ಅದು ಎಂದೂ ಒಣಗದ ಎಣ್ಣೆ. ಕೆಲಕಾಲ ನೀರನ್ನು ಜಾರಿಸುತ್ತದೆ, ಆಮೇಲೆ ಧೂಳನ್ನು ಹಿಡಿದು ಕರಿ ಮೆತ್ತಾಗುತ್ತದೆ, ಮುಂದೆ ಯಾವ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ. ಬಳಸಿದ ಆಯಿಲಿನಲ್ಲಿ ಲೋಹದ ಅಂಶಗಳೂ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳೂ ಇರುತ್ತವೆ. ಮಕ್ಕಳು ಕುಳಿತು ಕಾಲಾಡಿಸುವ ಐಮರಕ್ಕೆ, ಮಳೆನೀರು ಬಾವಿಯ ಕಡೆಗೆ ಹರಿಯುವ ಅಂಗಳದ ಅಂಚಿಗೆ ಅದು ಬೇಡವೇ ಬೇಡ. ತೆಂಗಿನೆಣ್ಣೆಯೂ ಒಣಗುವ ಜಾತಿಯದಲ್ಲವಾದ್ದರಿಂದ ಬೂಷ್ಟಿಗೆ ಆಹಾರವಾಗುತ್ತದೆ.

ಗೇರೆಣ್ಣೆಯ ಮಾತು ಸಂಪೂರ್ಣ ತಳ್ಳಿಹಾಕುವಂಥದಲ್ಲ. ಗೇರುಬೀಜದ ಸಿಪ್ಪೆಯ ಈ ರಸದಲ್ಲಿ ಫೀನಾಲ್ ಜಾತಿಯ ಸಂಯುಕ್ತಗಳಿದ್ದು, ಅವು ಹುಳು ಮತ್ತು ಶಿಲೀಂಧ್ರಗಳಿಗೆ ಒಗ್ಗದವು, ಗಾಳಿಗೆ ನಿಧಾನವಾಗಿ ಗಟ್ಟಿಯೂ ಆಗುತ್ತವೆ. ಕರಾವಳಿಯಲ್ಲಿ ದೋಣಿಗಳಿಗೂ ಜಂತಿಗಳಿಗೂ ಇದನ್ನು ಬಳಿಯುವ ವಾಡಿಕೆ ಸುಮ್ಮನೆ ಬಂದದ್ದಲ್ಲ. ಕಣ್ಣಿಗೆ ಬೀಳದ ಪಕಾಸಿಗಳ ತುದಿ, ಗೋಡೆಯೊಳಗೆ ಕೂರುವ ತೊಲೆಗಳ ಕೊನೆ, ದನದ ಕೊಟ್ಟಿಗೆಯ ಮರಗಳಿಗೆ ನಾನೂ ಒಪ್ಪುತ್ತೇನೆ. ಆದರೆ ಅದು ಮರವನ್ನು ಕಡುಕಪ್ಪು ಮಾಡುತ್ತದೆ, ತಿಂಗಳುಗಟ್ಟಲೆ ಜಿಗುಟಾಗಿರುತ್ತದೆ, ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಕೆತ್ತನೆಯ ಕಂಬಕ್ಕೆ, ಕೂರುವ ಹಲಗೆಗೆ ತಕ್ಕುದಲ್ಲ. ಇದನ್ನು ಹಚ್ಚಿದರೆ ಗೆದ್ದಲು ಎಂದೂ ಬರುವುದಿಲ್ಲವೆಂಬುದು ಅತಿಮಾತು. ಗೆದ್ದಲು ಮಣ್ಣಿನಿಂದ ಗೋಡೆಯ ಒಳಸಂದಿಗಳಲ್ಲಿ ಏರಿ, ಎಣ್ಣೆ ತಲುಪದ ಕಡೆಯಿಂದ ಮರವನ್ನು ಹೊಗುತ್ತದೆ.

ಆಚಾರಿಯವರ ಎಣ್ಣೆಬಣ್ಣದ ಸಲಹೆಯಲ್ಲಿ ತಿರುಳಿದೆ, ಸುಡುವುದರಲ್ಲಿ ಇಲ್ಲ. ಬಣ್ಣದ ಕಣಗಳು ಬಿಸಿಲನ್ನು ಪೂರ್ತಿ ತಡೆಯುವುದರಿಂದ ಪ್ರೈಮರ್ ಕೊಟ್ಟು ಬಳಿದ ಬಣ್ಣ ಹೊರಗಿನ ಲೇಪಗಳಲ್ಲೆಲ್ಲ ಹೆಚ್ಚು ಬಾಳುತ್ತದೆ. ಪಶ್ಚಿಮದ ಗಾಳಿಮಳೆ ನೇರವಾಗಿ ಬಡಿಯುವ ಕಿಟಕಿ, ಸೂರಿನ ಹಲಗೆಗಳಿಗೆ ಬಣ್ಣವೇ ಉತ್ತಮ. ತೇಗದ ಕೆತ್ತನೆಗೆ ಅದನ್ನು ಬಳಿಯಲು ನನಗೆ ಮನಸ್ಸಾಗುವುದಿಲ್ಲ, ಅದು ರುಚಿಯ ಮಾತು, ನಿಮ್ಮ ಒಕ್ಕದವರು ಬೇರೆಯಾಗಿ ತೀರ್ಮಾನಿಸಿದರೆ ಮರಕ್ಕೇನೂ ನಷ್ಟವಿಲ್ಲ. ಬ್ಲೋ ಲ್ಯಾಂಪಿನಿಂದ ಸುಡುವುದನ್ನು ಮಾತ್ರ ದಯವಿಟ್ಟು ಬೇಡವೆನ್ನಿ. ಹಳೆಯ ಅಟ್ಟದ ಸಂದುಗಳಲ್ಲಿ ಮಸಿ, ಇಲಿಗೂಡಿನ ಕಸ, ಜೇಡರ ಬಲೆ ತುಂಬಿರುತ್ತವೆ, ಒಳಗೆ ಸೇರಿದ ಕಿಡಿ ಗಂಟೆಗಳ ನಂತರ ಹೊತ್ತಿಕೊಳ್ಳಬಹುದು.

ಹಸಿರು ಕಿಟಕಿಗಳ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣದಲ್ಲಿ, ವಿಶೇಷವಾಗಿ ಗಾಢ ಹಸಿರು, ಹಳದಿಗಳಲ್ಲಿ, ಸೀಸ ಇದ್ದೀತೆಂದೇ ಭಾವಿಸಿ ನಡೆಯುವುದು ಕ್ಷೇಮ. ಸುಟ್ಟರೆ ಹೊಗೆಯಾಗಿ, ಒಣಗಿದಂತೆಯೇ ಉಜ್ಜಿದರೆ ಧೂಳಾಗಿ ಅದು ಮನೆಯೊಳಗೆ ಸೇರುತ್ತದೆ, ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಹೆಚ್ಚು ಅಪಾಯಕಾರಿ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ತೆಗೆಯಲೇಬೇಡಿ. ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಮೇಲೆ ಹೊಸ ಬಣ್ಣ ಕೊಡಿ. ಮರದ ಬಣ್ಣಕ್ಕೆ ತರುವ ಆಸೆಯನ್ನು ಅಡುಗೆಮನೆಯ ಕಿಟಕಿಗಳ ಮಟ್ಟಿಗೆ ಬಿಟ್ಟುಬಿಡುವುದು ಒಳ್ಳೆಯದು.

ಅಂಗಡಿಯವರ 10 ವರ್ಷದ ಗ್ಯಾರಂಟಿಯ ಹಾಳೆಯನ್ನು ಪೂರ್ತಿ ಓದಿ. ಲಂಬವಾದ ಮೇಲ್ಮೈಗೋ, ಮಲಗಿಸಿದ ಹಲಗೆಗೋ, ನಿಗದಿತ ಪ್ರೈಮರ್ ಮತ್ತು ಕೋಟುಗಳ ಸಂಖ್ಯೆಗೋ, ತೇವಾಂಶ ಎಷ್ಟಿದ್ದಾಗ ಹಚ್ಚಬೇಕೆಂಬುದಕ್ಕೋ ಅಲ್ಲಿ ಷರತ್ತುಗಳಿರುತ್ತವೆ. ಹಾಳಾದ ಪಾಲಿಶ್‌ಗೆ ಬದಲಿ ಡಬ್ಬಿ ಸಿಕ್ಕರೂ, ಕೆತ್ತನೆಯ ಸಂದಿಗಳಿಂದ ಹಳೆಯದನ್ನು ಕೆರೆಸುವ ಕೂಲಿಯನ್ನು ಕೊಡುವವರು ಯಾರು ಎಂದು ಕೇಳಿ.

ಹಾಗಾದರೆ ಜಗಲಿಗೆ ಏನು? ನನ್ನ ಆಯ್ಕೆ ಹೊರಾಂಗಣಕ್ಕೆಂದೇ ತಯಾರಾದ, ಮರದೊಳಗೆ ಇಳಿಯುವ, ಕಬ್ಬಿಣದ ಆಕ್ಸೈಡಿನ ಬಣ್ಣಕಣಗಳೂ ಬೂಷ್ಟುನಿರೋಧಕವೂ ಇರುವ ತೆಳುವಾದ ವುಡ್ ಸ್ಟೇನ್. ಇದು ಮೇಲೆ ದಪ್ಪ ಪದರ ಕಟ್ಟುವುದಿಲ್ಲ, ಮರದ ಎಳೆ ಕಾಣುತ್ತದೆ, ಬಣ್ಣಕಣಗಳು ಬಿಸಿಲನ್ನು ಸಾಕಷ್ಟು ತಡೆಯುತ್ತವೆ, ಒಳಗಿನ ತೇವ ಹೊರಹೋಗಲು ಎಡೆ ಇರುತ್ತದೆ. ಹೊಳಪು ಇರುವುದಿಲ್ಲ. ಬಾಳಿಕೆಯೂ ಕಡಿಮೆ: ಮಳೆ ಬಡಿಯುವ ಕಡೆ ಒಂದೆರಡು ವರ್ಷಕ್ಕೊಮ್ಮೆ, ಒಳಗಿನ ಸಾಲಿನ ಕಂಬಗಳಿಗೆ ಮೂರು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗಬಹುದು. ಆದರೆ ಮತ್ತೆ ಹಚ್ಚುವುದೆಂದರೆ ತೊಳೆದು, ಒಣಗಿಸಿ, ಬ್ರಷ್ಷಿನಿಂದ ಒಂದು ಕೈ ಬಳಿದು, ಹೆಚ್ಚಾದುದನ್ನು ಒರೆಸುವುದಷ್ಟೇ, ಮನೆಯವರೇ ಮಾಡಿಕೊಳ್ಳಬಹುದು. ಪಾರದರ್ಶಕ ಹೊಳಪೇ ಬೇಕೆಂದರೆ ಹೊರಾಂಗಣದ, ನೇರಳಾತೀತ ಕಿರಣ ತಡೆಯುವ, ಬಳುಕುವ ಗುಣದ ಪಿಯು ಸಿಗುತ್ತದೆ. ಮಳೆ ತಗುಲದ ಒಳಜಗಲಿಯಲ್ಲಿ ಅದು ನಿಲ್ಲಬಹುದು, ಆದರೆ ಪ್ರತಿ ವರ್ಷ ನೋಡಿ, ಬಿರುಕು ಕಾಣುವ ಮೊದಲೇ ಉಜ್ಜಿ ಹೊಸ ಕೋಟ್ ಕೊಡುವ ಶಿಸ್ತು ಬೇಕು. ಬೆಂಗಳೂರು, ಮೈಸೂರುಗಳಲ್ಲಿದ್ದುಕೊಂಡು ಹುತ್ತರಿ ಹಬ್ಬಕ್ಕೋ ಕಾರಣರಿಗೆ (ಗತಿಸಿದ ಹಿರಿಯರಿಗೆ) ಕೊಡುವ ದಿನಕ್ಕೋ ಬಾಗಿಲು ತೆರೆಯುವ ಮನೆಗಳಲ್ಲಿ ಆ ಶಿಸ್ತು ನಡೆದದ್ದನ್ನು ನಾನು ಕಂಡದ್ದು ಅಪರೂಪ.

ಏನನ್ನೂ ಹಚ್ಚದಿರುವುದೂ ಒಂದು ಆಯ್ಕೆ, ಅದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಮಾರುವುದಕ್ಕೆ ಏನೂ ಇಲ್ಲ. ತೇಗದ ಒಳಮರದಲ್ಲಿ ಟೆಕ್ಟೋಕ್ವಿನೋನ್ ಮುಂತಾದ ಸಹಜ ರಕ್ಷಕಗಳಿವೆ. ಹಲಸಿನ ಒಳಮರವೂ ಗಟ್ಟಿಮುಟ್ಟು. ನೀರು ನಿಲ್ಲದಂತೆ ನೋಡಿಕೊಂಡರೆ ಬರಿಯ ತೇಗದ ಕಂಬ ಬೂದಿ ಬಣ್ಣಕ್ಕೆ ತಿರುಗಿ ದಶಕಗಳವರೆಗೆ ನಿಲ್ಲುತ್ತದೆ. ಆದರೆ ಈ ಮಾತು ಹಳೆಯ ಮರದ ಒಳತಿರುಳಿಗೆ ಮಾತ್ರ. ಇತ್ತೀಚೆಗೆ ಸಾ ಮಿಲ್‌ಗಳಿಗೆ ಬರುವ ಎಳೆಯ ತೇಗದಲ್ಲಿ ಹೊರಗಿನ ಬಿಳಿ ಮರವೇ ಬಹಳಷ್ಟಿದ್ದು, ಅದಕ್ಕೆ ಮರ ಕೊರೆಯುವ ಕುಟ್ಟೆ ಹುಳುವೂ ಗೆದ್ದಲೂ ಬೇರೆ ಸಾಧಾರಣ ಮರಗಳಿಗೆ ಹಿಡಿದಂತೆಯೇ ಹಿಡಿಯುತ್ತವೆ. ದುರಸ್ತಿಯಲ್ಲಿ ಹೊಸ ತುಂಡು ಸೇರಿಸಿದ್ದರೆ ಅದರ ಬಣ್ಣ ನೋಡಿ ಪ್ರತ್ಯೇಕವಾಗಿ ಉಪಚರಿಸಿ.

ಕೆಲಸದ ಕಾಲ ಹುತ್ತರಿಯ ನಂತರ, ಕಾಫಿಯ ಹೂ ಅರಳಿಸುವ ಹೂಮಳೆಗೆ ಮೊದಲು. ಅರೇಬಿಕಾ, ರೊಬಸ್ಟಾ ಕೊಯ್ಲಿನ ಆಳುಗಳ ಅಭಾವ ಆಗಲೇ ಇರುತ್ತದೆಂಬುದು ನನಗೆ ಗೊತ್ತು, ಆದರೂ ಜನವರಿ ಕೊನೆಯಿಂದ ಫೆಬ್ರವರಿ ಪೂರ್ತಿ ನಮ್ಮಲ್ಲಿ ಮರ ಅತಿ ಒಣಗಿರುವ ಅವಧಿ. ಮೊದಲು ಪಾಲಿಶ್ ತೆಗೆಸಿ, ಮರವನ್ನು ಕೆಲವು ವಾರ ಬರಿದಾಗಿಯೇ ಒಣಗಲು ಬಿಡಿ. ಎರಡು ಸೂಜಿಗಳ ತೇವಾಂಶ ಮಾಪಕ ಇಟ್ಟುಕೊಂಡಿರುವ ಕೆಲಸಗಾರರನ್ನು ಹುಡುಕಿ, ಕಂಬದ ಬುಡದಲ್ಲಿಯೂ ಅಂಕಿ ಶೇ. 15ಕ್ಕಿಂತ ಕೆಳಗೆ ಬಂದ ಮೇಲಷ್ಟೇ ಹಚ್ಚಲು ಬಿಡಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಅಂದರೆ 10 ಗಂಟೆಯ ನಂತರ ಆರಂಭಿಸಿ 3 ಗಂಟೆಗೆ ಬ್ರಷ್ ಕೆಳಗಿಡುವುದು ಸರಿ, ಸಂಜೆಯ ತಂಪಿಗೆ ಹಸಿ ಲೇಪದ ಮೇಲೆ ಮತ್ತೆ ಇಬ್ಬನಿ ಕೂರುತ್ತದೆ. ಕಣದಲ್ಲಿ ಕಾಫಿ ಹರಡಿ ಒಣಗಿಸುತ್ತಿದ್ದರೆ, ಅದರ ಸಿಪ್ಪೆಯ ಧೂಳು ಜಗಲಿಯತ್ತ ಬರದ ದಿನ ನೋಡಿಕೊಳ್ಳಿ.

ಹಳೆಯ ಪದರವನ್ನು ಸಮತಟ್ಟಾದ ಕಡೆ ಕೆರೆಯುವ ಬ್ಲೇಡಿನಿಂದಲೂ, ಕೆತ್ತನೆಯಲ್ಲಿ ಪೇಂಟ್ ರಿಮೂವರ್ ಹಚ್ಚಿ ಗಟ್ಟಿ ನೈಲಾನ್ ಬ್ರಷ್ಷಿನಿಂದಲೂ ತೆಗೆಯಬಹುದು. ರಿಮೂವರನ್ನು ಗಾಳಿಯಾಡುವ ಜಗಲಿಯಲ್ಲಿ ಮಾತ್ರ ಬಳಸಬೇಕು. ಗ್ರೈಂಡರಿಗೆ ಉಕ್ಕಿನ ಬ್ರಷ್ ಸಿಕ್ಕಿಸಿ ಕೆತ್ತನೆಯನ್ನು ಉಜ್ಜುವವರಿಗೆ ಕೆಲಸ ಕೊಡಬೇಡಿ, ಕೆತ್ತನೆಯ ಏಣು ಸವೆದು ಹೋಗುತ್ತದೆ, ಮುರಿದ ತಂತಿ ಮರದಲ್ಲೇ ಉಳಿದು ಮಳೆಗಾಲದಲ್ಲಿ ಕಪ್ಪು ಚುಕ್ಕೆಗಳಾಗುತ್ತದೆ. ಆಮೇಲೆ 80ನೇ ನಂಬರಿನ ಉಪ್ಪುಕಾಗದದಿಂದ ಆರಂಭಿಸಿ 120ನೇ ನಂಬರಿನಲ್ಲಿ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಹೊರಗಿನ ಸ್ಟೇನ್ ಒಳಗಿಳಿಯುವುದಿಲ್ಲ. ಐಮರದ ಹಲಗೆಯ ಅಡಿಭಾಗಕ್ಕೂ ಎರಡೂ ತುದಿಗಳಿಗೂ ಮೇಲ್ಭಾಗದಷ್ಟೇ ಲೇಪ ಬೇಕು, ಒಂದೇ ಮೈಗೆ ಹಚ್ಚಿದ ಹಲಗೆ ಒಂದು ಕಡೆಯಿಂದ ಮಾತ್ರ ತೇವ ಹೀರಿ ಬಾಗುತ್ತದೆ. ಕಂಬದ ತುದಿಗಳಿಗೆ ಹೀರುವಷ್ಟೂ ಕುಡಿಸಬೇಕು.

ಎಣ್ಣೆ ಆಧಾರದ ಸ್ಟೇನ್ ಅಥವಾ ಕಾಯಿಸಿದ ಅಗಸೆ ಎಣ್ಣೆ ಬಳಸಿದವರು ಒಂದು ಅಪಾಯವನ್ನು ತಿಳಿದಿರಲೇಬೇಕು. ಈ ಎಣ್ಣೆಗಳು ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಆಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಹೊರಹೋಗದೆ ಅವು ತಾವಾಗಿ ಹೊತ್ತಿಕೊಳ್ಳಬಲ್ಲವು. ಬಿಡಿಸಿ ತಂತಿಯ ಮೇಲೆ ಒಣಹಾಕಿ ಅಥವಾ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ. ಅಗಸೆ ಎಣ್ಣೆಯನ್ನು ಒಂಟಿಯಾಗಿ ಹೊರಗಿನ ಮರಕ್ಕೆ ನಾನು ಹೇಳುವುದಿಲ್ಲ, ನಮ್ಮ ಮಳೆಗಾಲದಲ್ಲಿ ಅದರ ಮೇಲೆ ಕರಿಬೂಷ್ಟು ಬೇಗನೆ ಬರುತ್ತದೆ.

ಒಳಗಿನ ಬಾಗಿಲು ಚೆನ್ನಾಗಿದೆಯೆಂದಿದ್ದೀರಿ, ಅದನ್ನು ಮುಟ್ಟಬೇಡಿ. ಬಿಸಿಲು, ಮಳೆ ಎರಡೂ ಇಲ್ಲದ ಕಡೆ ಅದೇ ಪಿಯು ಹಲವು ವರ್ಷ ನಿಲ್ಲುತ್ತದೆ. ಮುಂದೆ ಒಳಗೆ ಹೊಸದಾಗಿ ಮಾಡಿಸುವುದಿದ್ದರೆ ಬೀಟೆಗೆ ಸ್ಪಿರಿಟ್ ಪಾಲಿಶ್ ಕೊಡುವ ಬಣ್ಣ ಬೇರಾವುದೂ ಕೊಡದು. ಬಿಸಿ ಪಾತ್ರೆ, ನೀರಿನ ಕಲೆಗಳಿಗೆ ಅದು ಸೋಲುತ್ತದಾದ್ದರಿಂದ ಊಟದ ಮೇಜಿಗೆ ಬೇಡ. ಹಾರ್ಡ್‌ನರ್ ಇರುವ ಪಾಲಿಶ್ ಸಿಂಪಡಿಸುವಾಗ ಆಸ್ತಮಾ ಇರುವವರು ಮನೆಯಲ್ಲಿ ಇರಬಾರದು.

ಬೀರುವಿನ ಬೂಷ್ಟಿಗೆ ಪಾಲಿಶ್ ಕಾರಣವಲ್ಲ, ಮುಚ್ಚಿದ ಮನೆ ಕಾರಣ. ಹಿಂದೆ ಅಡುಗೆಮನೆಯ ಒಲೆ ದಿನವಿಡೀ ಉರಿದು, ಅದರ ಬಿಸಿಯೂ ಹೊಗೆಯೂ ಅಟ್ಟದವರೆಗೆ ಏರಿ ಇಡೀ ಮನೆಯನ್ನು ಒಣಗಿಸುತ್ತಿದ್ದವು. ಗ್ಯಾಸ್ ಒಲೆ ಬಂದು, ಹಂಚಿನ ಕೆಳಗೆ ಸೀಲಿಂಗ್ ಹೊಡೆಸಿ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಟ್ಟ ಮೇಲೆ ತೇವ ತಣ್ಣನೆಯ ಗೋಡೆಯ ಬಳಿ ಸೇರುತ್ತದೆ. ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದಕ್ಕೆ ಎಳೆದು, ಬರಿದಾಗಿರುವ ಹಿಂಬದಿಯ ಹಲಗೆಗೂ ಎರಡು ಕೋಟ್ ಸೀಲರ್ ಕೊಟ್ಟು, ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಎದುರುಬದುರು ಕಿಟಕಿ ತೆರೆಯಲು ಯಾರಿಗಾದರೂ ಒಪ್ಪಿಸಿ.

ಸಿಲ್ವರ್ ಓಕ್ ಬೆಂಚುಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ನೆರಳಿಗೆ, ಮೆಣಸಿನ ಬಳ್ಳಿಗೆ ಒಳ್ಳೆಯ ಮರ, ಒಳಗಿನ ಪೀಠೋಪಕರಣಕ್ಕೂ ಆದೀತು, ಬಯಲಿನ ಮಳೆಗೆ ಅದರಲ್ಲಿ ಸಹಜ ರಕ್ಷಣೆ ಇಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಕುಟ್ಟೆ ತಡೆಯಬಹುದು, ಆದರೆ ಬೋರಾನ್ ನೀರಿನಲ್ಲಿ ಕರಗಿ ಹೊರಹೋಗುವುದರಿಂದ ಆ ಮರವನ್ನು ಮಳೆಯಿಂದ ಮರೆಮಾಡಲೇಬೇಕು. ಅವನ್ನು ಜಗಲಿಯೊಳಗೆ ಇಟ್ಟು, ಅಂಗಳಕ್ಕೆ ಹೊನ್ನೆ ಅಥವಾ ಹಲಸಿನ ಒಳಮರದ ಬೆಂಚು ಮಾಡಿಸಿ. ಹೊನ್ನೆ ಒದ್ದೆಯಾದಾಗ ಹಳದಿ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆಗೆ ತಾಗಿಸಬೇಡಿ.

ಉಳಿದದ್ದು ಗುತ್ತಿಗೆದಾರರ ಉಚಿತ ಕೋಟ್. ಸಡಿಲವಾದ ಪದರದ ಮೇಲೆ ಹೊಡೆದ ಹೊಸ ಪದರವೂ ಅದರೊಂದಿಗೇ ಏಳುತ್ತದೆ, ಒಳಗಿನ ನೀರು ಇನ್ನಷ್ಟು ಭದ್ರವಾಗಿ ಮುಚ್ಚಿಹೋಗುತ್ತದೆ. ಆ ಕೋಟನ್ನು ಬೇಡವೆನ್ನಿ. ಅವರಿಗೆ ಕೆಲಸ ಸರಿಪಡಿಸುವ ಮನಸ್ಸಿದ್ದರೆ, ಅದರ ಬದಲಿಗೆ ಹಳೆಯ ಪಾಲಿಶ್ ತೆಗೆಯುವ ಕೂಲಿಯನ್ನು ವಹಿಸಿಕೊಳ್ಳಲು ಕೇಳಿ, ಕಂಬದ ಬುಡದ ಸಿಮೆಂಟ್ ಅವರೇ ಹಾಕಿದ್ದರೆ ಅದನ್ನು ಒಡೆಯುವುದನ್ನೂ ಸೇರಿಸಿ. ಯಾವ ಲೇಪ, ಒಳಾಂಗಣದ್ದೋ ಹೊರಾಂಗಣದ್ದೋ, ಎಷ್ಟು ಕೋಟ್, ತೇವಾಂಶ ಎಷ್ಟಿದ್ದಾಗ ಹಚ್ಚುವುದು ಎಂಬುದನ್ನು ಕಾಗದದಲ್ಲಿ ಬರೆಸಿಕೊಂಡು, ಡಬ್ಬಿಗಳನ್ನು ನಿಮ್ಮ ಎದುರೇ ತೆರೆಸಿ. ಮೊದಲು ಹಿಂಬದಿಯ ಒಂದು ಕಂಬಕ್ಕೆ ಮಾತ್ರ ಹಚ್ಚಿಸಿ, ವಾರ ಕಳೆದು ಅದರ ಮೇಲೆ ನೀರು ಚಿಮುಕಿಸಿ ನೋಡಿ, ಬಣ್ಣ ಎಲ್ಲರಿಗೂ ಒಪ್ಪಿಗೆಯಾದ ಮೇಲೆ ಮುಂಬದಿಯ ಸಾಲಿಗೆ ಬನ್ನಿ.